ಕೊಲೆ ಇಲ್ಲದಿದ್ದರೇನು?

‘ಬಿಯಾಂಡ್ ಪ್ಯಾರಡೈಸ್’ ಪತ್ತೇದಾರಿ ಧಾರಾವಾಹಿಯಲ್ಲಿ ಕೊಲೆಗಳೇ ಕಡಿಮೆ, ಆದ್ದರಿಂದ ಸಪ್ಪೆ ಎಂದು ಅದರ ಕುರಿತ ಲೇಖನವೊಂದರಲ್ಲಿ ಲೇಖಕರು ಬರೆದಿದ್ದಾರೆ. ನನಗೆ ಹಿಡಿಸಿದ್ದೇ ಅದು! 2023ರಲ್ಲಿ ಬಿಬಿಸಿಯಲ್ಲಿ ಬಂದ ಮೊದಲ ಕಂತನ್ನೇ ನೋಡಿ. ಮಹಿಳೆಯೊಬ್ಬರು ತಮ್ಮ ಮನೆಯಲ್ಲೇ ಬಿದ್ದು ಆಸ್ಪತ್ರೆ ಸೇರುತ್ತಾರೆ. ತಳ್ಳಿದವಳು ಶತಮಾನಗಳ ಹಿಂದೆ ಸತ್ತ ಹೆಂಗಸು ಎನ್ನುತ್ತಾರೆ. ಹೆಣವೇ ಇಲ್ಲ, ಆದರೂ ಕೊನೆಯವರೆಗೆ ಕುತೂಹಲ ಕುಂದುವುದಿಲ್ಲ.

ಕಥೆ ನಡೆಯುವುದು ಇಂಗ್ಲೆಂಡಿನ ಡೆವನ್‌ನ ಶಿಪ್ಟನ್ ಅಬಟ್ ಎಂಬ ಕಾಲ್ಪನಿಕ ಊರಿನಲ್ಲಿ. ಆದರೆ ತೆರೆಯ ಮೇಲೆ ಕಾಣುವುದು ಬಹುಮಟ್ಟಿಗೆ ನೆರೆಯ ಕಾರ್ನ್‌ವಾಲ್‌ನ ಲೂ ಪಟ್ಟಣ. ನದಿ ಕಡಲು ಸೇರುವ ಜಾಗ, ಎರಡೂ ದಡಗಳ ಗುಡ್ಡಕ್ಕೆ ಅಂಟಿಕೊಂಡ ಮನೆಗಳು, ದಕ್ಕೆಯಲ್ಲಿ ಮೀನುಗಾರಿಕೆಯ ದೋಣಿಗಳು. ಕಣ್ಣಿಗೆ ಹಬ್ಬ.

ಲೇಖನ ಮುಟ್ಟದೇ ಬಿಟ್ಟ ಸಂಗತಿಯೊಂದಿದೆ. ಮಗುವಿಗಾಗಿ ಪತ್ತೇದಾರ ಹಂಫ್ರಿ ಮತ್ತು ಅವನ ಭಾವಿ ಪತ್ನಿ ಮಾರ್ಥಾ ಪಡುವ ಪಾಡು, ಮುಂದೆ ಬೇರೆಯವರ ಮಕ್ಕಳನ್ನು ಮನೆಯಲ್ಲಿಟ್ಟು ಸಾಕಲು ಅವರು ಮಾಡುವ ನಿರ್ಧಾರ. ಪ್ರಕರಣ ಬಗೆಹರಿಸಿ ಮನೆಗೆ ಬಂದ ಹಂಫ್ರಿಗೆ ಹೆಂಡತಿಯಾಗಲಿರುವವಳ ಮೌನಕ್ಕೆ ಉತ್ತರ ಹೊಳೆಯುವುದಿಲ್ಲ. ಹಂಫ್ರಿಯಾಗಿ ಕ್ರಿಸ್ ಮಾರ್ಷಲ್ ಅಲ್ಲಿ ಎಷ್ಟು ಚೆನ್ನಾಗಿ ನಟಿಸಿದ್ದಾರೆ! ತಡವರಿಸುವ ಮಾತು, ಎಲ್ಲಿಡಬೇಕೆಂದು ತಿಳಿಯದ ಕೈಗಳು. ಅದನ್ನು ಸಪ್ಪೆ ಎನ್ನಲು ನನಗಂತೂ ಮನಸ್ಸು ಬಾರದು. ಪೊಲೀಸ್ ಠಾಣೆಯ ಕಚೇರಿ ಕೆಲಸ ನೋಡಿಕೊಳ್ಳುವ ಮಾರ್ಗೊಗೆ ಇನ್ನಷ್ಟು ದೃಶ್ಯಗಳನ್ನು ಕೊಡಬೇಕಿತ್ತು ಎಂಬುದಷ್ಟೇ ನನ್ನ ತಕರಾರು.