ಮುಟ್ಟಬೇಡ ಅಂದರೆ ಯಾಕೆ ಅಂತ ಹೇಳಬೇಕು

ಕಳೆದ ಬೇಸಿಗೆಯಲ್ಲಿ ಮಿನ್ನಿಯಾಪೊಲಿಸ್‌ನಿಂದ ದಿನವಿಡೀ ಕಾರು ಓಡಿಸಿ ದಕ್ಷಿಣ ಡಕೋಟಾದ ಬ್ಯಾಡ್‌ಲ್ಯಾಂಡ್ಸ್ ಉದ್ಯಾನಕ್ಕೆ ಹೋದೆವು. ಹುಲ್ಲುಗಾವಲು ಇದ್ದಕ್ಕಿದ್ದ ಹಾಗೆ ಕುಸಿದು, ಬಣ್ಣದ ಪಟ್ಟೆಗಳ ಬೋಳು ಗುಡ್ಡಗಳು ಶುರುವಾಗುತ್ತವೆ. ವರ್ಷಕ್ಕೆ ಸುಮಾರು ಒಂದಿಂಚು ಮಣ್ಣು ಕೊಚ್ಚಿಹೋಗಿ ಹೊಸ ಮೂಳೆಗಳು ಮೇಲೆ ಬರುತ್ತವೆ. ಡೈನೋಸಾರ್ ಅಲ್ಲ. 3 ಕೋಟಿ ವರ್ಷಕ್ಕೂ ಹಿಂದಿನ ಘೇಂಡಾಮೃಗ, ನಾಯಿಯಷ್ಟೇ ಎತ್ತರದ ಕುದುರೆ, ಬೆಕ್ಕಿನಂಥ ಕೋರೆಹಲ್ಲಿನ ಪ್ರಾಣಿ.

ಮಗನ ಕಣ್ಣಿಗೆ ಬೆರಳುದ್ದದ ದವಡೆಚೂರು ಬಿತ್ತು. ಮೂರು ಹಲ್ಲು ಹಾಗೇ ಕಚ್ಚಿಕೊಂಡಿದ್ದವು, ಬೆಲ್ಲದ ಬಣ್ಣಕ್ಕೆ ತಿರುಗಿ ಮಿರಮಿರ ಅನ್ನುತ್ತಿದ್ದವು. ನಿಜ ಹೇಳಲಾ, ನಾನಾಗಿದ್ದರೆ ಸುಮ್ನೆ ಜೇಬಿಗಿಳಿಸುತ್ತಿದ್ದೆ. ಅಲ್ಲಿಯ ರೀತಿಯೇ ಬೇರೆ. ಎತ್ತುವಂತಿಲ್ಲ. ಫೋಟೋ ತೆಗೆದು, ಜಾಗ ಗುರುತಿಟ್ಟುಕೊಂಡು ಕಚೇರಿಗೆ ತಿಳಿಸಬೇಕು.

ಯಾಕೆ ಅಂದರೆ ಅವರ ಹತ್ತಿರ ಕಥೆಯೇ ಇದೆ. 1993ರಲ್ಲಿ ಇಬ್ಬರು ಪ್ರವಾಸಿಗರು ಒಂದು ಮೂಳೆ ಕಂಡು ಹೀಗೇ ತಿಳಿಸಿದರು. ಹಂದಿಯಂಥ ಪ್ರಾಣಿ ಅಂದುಕೊಂಡು ನಾಲ್ಕು ದಿನದ ಕೆಲಸ ಅಂತ ತಜ್ಞರು ಅಗೆಯಲು ಕೂತರು. ಅದು ಮುಗಿದದ್ದು 2008ಕ್ಕೆ, 19,000ಕ್ಕೂ ಜಾಸ್ತಿ ಮೂಳೆ ಸಿಕ್ಕ ಮೇಲೆ. ಹಂದಿ ಅಂದುಕೊಂಡಿದ್ದು ಕೊನೆಗೆ ಕೊಂಬಿಲ್ಲದ ಘೇಂಡಾಮೃಗ! ಆ ಮೊದಲ ಮೂಳೆ ಯಾರದೋ ಷೋಕೇಸು ಸೇರಿದ್ದರೆ?

ನಮ್ಮ ಮನೆಯಲ್ಲೂ ಪಳೆಯುಳಿಕೆ ಇತ್ತು. ದೇವರ ಪೆಟ್ಟಿಗೆಯ ಸಾಲಿಗ್ರಾಮ. ಗಂಡಕಿ ನದಿಯಿಂದ ಬಂದದ್ದು, ಒಳಗಿನ ಚಕ್ರ ಕೋಟ್ಯಂತರ ವರ್ಷ ಹಿಂದಿನ ಕಡಲಜೀವಿಯ ಚಿಪ್ಪಿನ ಗುರುತು. ಅಜ್ಜ ಮಡಿಯಲ್ಲಿ ಅಭಿಷೇಕ ಮಾಡುತ್ತಿದ್ದರು. ನಾನು ಕೈ ಚಾಚಿದರೆ 'ಮುಟ್ಟಬೇಡ'. ಯಾಕೆ ಅಂದರೆ 'ಮುಟ್ಟಬಾರದು', ಅಷ್ಟೇ. ಅಜ್ಜನ ಭಕ್ತಿಯ ಬಗ್ಗೆ ನನ್ನ ತಕರಾರಿಲ್ಲ, ಆ ಕಲ್ಲನ್ನು ನಾಲ್ಕು ತಲೆಮಾರು ಕಾಪಾಡಿದ್ದು ಅದೇ. ಆದರೆ ಒಳಗೊಂದು ಜೀವಿ ಇತ್ತು ಅಂತ ನನಗೆ ಗೊತ್ತಾಗಿದ್ದು ಕಾಲೇಜಿಗೆ ಬಂದ ಮೇಲೆ. ಅಷ್ಟು ವರ್ಷ ಕಳೆದುಕೊಂಡೆ ಅಂತ ಈಗಲೂ ಹೊಟ್ಟೆ ಉರಿಯುತ್ತದೆ.

ಉದ್ಯಾನದಲ್ಲಿ ಪ್ರೇರಿ ಡಾಗ್‌ಗಳ ವಿಷಯದಲ್ಲೂ ಯಾಕೆ ಅಂತ ಹೇಳುತ್ತಾರೆ. ಬಿಲದ ಬಾಯಲ್ಲಿ ಕೈಮುಗಿದಂತೆ ನಿಲ್ಲುವ ಈ ಅಳಿಲಿನ ನೆಂಟರನ್ನು ಕಂಡರೆ ಬಿಸ್ಕತ್ತು ಕೊಡೋಣ ಅನ್ನಿಸುತ್ತದೆ. ನಂದಿಬೆಟ್ಟದ ಕೋತಿಗೆ ಕೊಟ್ಟು ಬೆಳೆದ ಕೈ, ಅಲ್ವಾ? ಅಲ್ಲಿ ಕೊಡುವಂತಿಲ್ಲ. ಪ್ರೇರಿ ಡಾಗ್‌ಗಳನ್ನೇ ತಿಂದು ಬದುಕುವ, ಮುಂಗುಸಿಯಂಥ ಪುಟ್ಟ ಪ್ರಾಣಿ ಕಪ್ಪುಕಾಲಿನ ಫೆರೆಟ್ ನಿರ್ನಾಮವಾಯಿತು ಅಂದುಕೊಂಡಿದ್ದರು. ಆಮೇಲೆ ಸಿಕ್ಕ ಕೆಲವನ್ನು ಸಾಕಿ ಮರಿಮಾಡಿಸಿ 1994ರಲ್ಲಿ ಇಲ್ಲಿಗೆ ತಂದುಬಿಟ್ಟರು. ಬಿಸ್ಕತ್ತು ತಿಂದು ಪ್ರೇರಿ ಡಾಗ್ ಕಾಯಿಲೆ ಬಿದ್ದರೆ ಫೆರೆಟ್‌ಗೂ ಊಟವಿಲ್ಲ. ಇಷ್ಟನ್ನು ಕೇಳಿದ ಮಗ ತಾನೇ ಪೊಟ್ಟಣ ಬ್ಯಾಗಿಗೆ ಹಾಕಿದ.

ರಾತ್ರಿ ಅಮ್ಮನಿಗೆ ಫೋನು ಮಾಡಿ ದವಡೆಯ ವಿಷಯ ಹೇಳಿದೆ.

"ಒಳ್ಳೇದಾಯ್ತು ಬಿಡು, ಸತ್ತದ್ದರ ಮೂಳೆ ಮುಟ್ಟಿದ್ದರೆ ಸ್ನಾನ ಮಾಡಿಸಬೇಕಿತ್ತು" ಅಂದರು.