ಸುಡಲಿಕ್ಕೆ ಒಂದು ಅಂಗಿ ಬೇಕಾಗಿದೆ

ಆಗಸ್ಟ್ 7 ಹತ್ತಿರ ಬಂತೆಂದರೆ ನಮ್ಮ ಓಣಿಯ ಸಮಿತಿಗೆ ಸ್ವದೇಶಿ ಜ್ವರ ಏರುತ್ತದೆ. 1905ರಲ್ಲಿ ಅದೇ ದಿನ ಕಲ್ಕತ್ತದ ಟೌನ್ ಹಾಲ್‌ನಲ್ಲಿ ವಿದೇಶಿ ಮಾಲು ಬಹಿಷ್ಕಾರದ ಠರಾವು ಆಗಿತ್ತು. ಬರೀ ಭಾಷಣ ಮಾಡಿದ್ದು ಸಾಕು, ಈ ಸಲ ವಿದೇಶಿ ಬಟ್ಟೆಯ ಹೋಳಿಯನ್ನೇ ಮಾಡೋಣ ಅಂತ ತೀರ್ಮಾನವಾಯಿತು. ಹೋಳಿಯನ್ನು ಹುಬ್ಬಳ್ಳಿಯವರಿಗೆ ಯಾರೂ ಕಲಿಸಬೇಕಾಗಿಲ್ಲ ಬಿಡಿ. ಕಾಮಣ್ಣನಿಗೆ ಕಟ್ಟಿಗೆ ಕದ್ದು ಬೆಳೆದವರು ನಾವು.

ವಿದ್ಯಾನಗರದ ಒಬ್ಬರ ಮನೆಯ ಮಾಳಿಗೆ ಮೇಲೆ ಮೀಟಿಂಗ್. ಗಿರಮಿಟ್ಟು, ಮಿರ್ಚಿ ಬಂದವು. ಕರಿದ ಪಾಮ್ ಎಣ್ಣೆ ಇಂಡೊನೇಷ್ಯಾದ್ದೋ ಮಲೇಷ್ಯಾದ್ದೋ ಅಂತ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ, ಬಿಸಿ ಇದ್ದವು.

ನಿವೃತ್ತ ಮಾಸ್ತರರು ಇತಿಹಾಸ ಹೇಳಿದರು. 1905ರ ಅಕ್ಟೋಬರ್‌ನಲ್ಲಿ ಪುಣೆಯ ಹುಡುಗರು ವಿದೇಶಿ ಬಟ್ಟೆ ಗುಡ್ಡೆ ಹಾಕಿ ಸುಟ್ಟರು, ತಿಲಕರು ಅಲ್ಲಿ ಮಾತಾಡಿದರು. ಮುಂದೆ ನಿಂತಿದ್ದ ವಿದ್ಯಾರ್ಥಿ ಸಾವರ್ಕರ್‌ಗೆ ಕಾಲೇಜು 10 ರೂಪಾಯಿ ದಂಡ ಹಾಕಿ ಹಾಸ್ಟೆಲಿನಿಂದ ಹೊರಗೆ ಕಳಿಸಿತು. ನಮ್ಮ ಸೀಮೆಯ ಹತ್ತಿಯೋ ಕುಮಟಾ ಬಂದರಿನಲ್ಲಿ ಹಡಗು ಹತ್ತಿ ಹತ್ತಿ ಕೊನೆಗೆ ‘ಕುಮಟಾ ಹತ್ತಿ’ ಅಂತಲೇ ಹೆಸರಾಯಿತು. ನಮ್ಮ ಹತ್ತಿ ಹೊರಗೆ ಹೋಗಿ, ಇಂಗ್ಲೆಂಡಿನ ಮ್ಯಾಂಚೆಸ್ಟರ್ ಬಟ್ಟೆ ಒಳಗೆ ಬರುತ್ತಿದ್ದ ಕಾಲ ಅದು.

‘ಅವರು ತಮ್ಮ ಮೈಮ್ಯಾಲಿಂದು ಸುಟ್ರು’ ಅಂತ ಮಾಸ್ತರರು ಮಾತು ಮುಗಿಸಿದ್ದೇ ತಪ್ಪಾಯಿತು. ಎಲ್ಲರೂ ಒಬ್ಬರ ಮೈ ಮೇಲಿನದನ್ನು ಒಬ್ಬರು ನೋಡತೊಡಗಿದರು.

‘ಅಧ್ಯಕ್ಷರ, ನೀವ ಶುರು ಮಾಡ್ರಿ.’

ಅಧ್ಯಕ್ಷರ ಕಾಲರ್ ತಿರುವಿ ಯಾರೋ ಚೀಟಿ ಓದಿದರು. ಬಾಂಗ್ಲಾದೇಶ. ‘ಮಗ ಕೊಡಿಸಿದ್ದರಿ, ಎರಡು ಸಾವಿರದ್ದು’ ಅಂತ ಅಧ್ಯಕ್ಷರು ಗುಂಡಿ ಬಿಗಿ ಮಾಡಿಕೊಂಡರು. ಖಜಾಂಚಿಯ ಬೂಟು ವಿಯೆಟ್ನಾಮಿಂದು. ‘ಬಟ್ಟಿ ಹೋಳಿ ಅದ, ಬೂಟಿಂದಲ್ಲ’ ಎಂದರು. ಟೇಬಲ್ ಮೇಲಿದ್ದ ಮೊಬೈಲುಗಳು ಸದ್ದಿಲ್ಲದೆ ಕಿಸೆ ಸೇರಿದವು.

ಕಾಪಾಡಿದ್ದು ಕಾರ್ಯದರ್ಶಿ. ‘1905ರಾಗ ಬಾಂಗ್ಲಾ ನಮ್ಮದ ಇತ್ತಲ್ರಿ? ಬಂಗಾಳ ಒಡದದ್ದಕ್ಕ ಈ ಚಳವಳಿ ಸುರು ಆತು. ನಾವು ಆ ವಿಭಜನೆ ಒಪ್ಪಾಂಗಿಲ್ಲ. ಅಂದಮ್ಯಾಲ ಈ ಅಂಗಿ ಸ್ವದೇಶಿನ!’

ಚಪ್ಪಾಳೆ ಬಿತ್ತು. ಎರಡು ಸಾವಿರ ಉಳಿಯಿತು.

ಸುಡಲಿಕ್ಕೆ ಮಾತ್ರ ಬಟ್ಟೆ ಇಲ್ಲ. ದುರ್ಗದಬೈಲಿನ ಪೇಟೆಗೆ ಹೋಗಿ ಅಗ್ಗದ ಗಂಟು ತಂದರೆ ಅದು ಸೂರತ್ತಿಂದು. ಹುಡುಗನೊಬ್ಬ ಆನ್‌ಲೈನ್‌ನಲ್ಲಿ ಇಂಗ್ಲಿಷ್ ಹೆಸರಿನ ಟೀ ಶರ್ಟ್ ತರಿಸಿದ. ಬಿಚ್ಚಿ ನೋಡಿದರೆ ತಿರುಪ್ಪೂರಿಂದು. ವಾಪಸ್ ಕಳಿಸಿದರು. ಕಂಪನಿಗೆ ಕೊಟ್ಟ ಕಾರಣ: ‘ವಿದೇಶಿ ಇಲ್ಲ’.

ಇಷ್ಟರಲ್ಲಿ ಖಜಾಂಚಿ 200 ರಾಷ್ಟ್ರಧ್ವಜ ಹೊತ್ತು ತಂದಿದ್ದರು. ಪಾಲಿಯೆಸ್ಟರ್. 2021ರ ಡಿಸೆಂಬರ್‌ನಲ್ಲಿ ಧ್ವಜ ಸಂಹಿತೆಗೆ ತಿದ್ದುಪಡಿ ಬಂದಮೇಲೆ ಇದಕ್ಕೂ ಪರವಾನಗಿ ಇದೆ, ತಕರಾರಿಲ್ಲ. ಆದರೆ ಮೀಟಿಂಗ್ ನಡೆದ ಮಾಳಿಗೆಯಿಂದ ಬೆಂಗೇರಿಗೆ ಆಟೋದಲ್ಲಿ ಹತ್ತು ನಿಮಿಷ. 1957ರಲ್ಲಿ ಶುರುವಾದ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಅಲ್ಲಿದೆ. 6 ಇಂಚು × 4 ಇಂಚಿನಿಂದ 21 ಅಡಿ × 14 ಅಡಿವರೆಗೆ ಒಂಬತ್ತು ಅಳತೆಯ ಧ್ವಜ ಅಲ್ಲಿ ಹೊಲಿಯುತ್ತಾರೆ. ಹೊಲಿಯುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಒಂದು ಹೊಲಿಗೆಯೂ ತಪ್ಪುವಂತಿಲ್ಲ.

‘ಅಲ್ಲಿಂದ ತರಬಹುದಿತ್ತಲ್ರಿ’ ಅಂದೆ.

‘ತುಟ್ಟಿ ಅದಾವ್ರಿ. ಸ್ವದೇಶಿ ಬಜೆಟ್ಟಿನಾಗ ಕೂಡ್ರಾಂಗಿಲ್ಲ.’

ಪೆಂಡಾಲು, ಫ್ಲೆಕ್ಸು, ಡಿಜೆ ಮಾತ್ರ ಕೂತಿದ್ದವು.

ಕಾರ್ಯಕ್ರಮದ ಬೆಳಿಗ್ಗೆ ಧ್ವಜಗಳು ಮಡಿಕೆ ಬಿದ್ದಿದ್ದವು. ವೇದಿಕೆಗೆ ಏರಿಸುವ ಮೊದಲು ಹುಡುಗನೊಬ್ಬ ಭಕ್ತಿಯಿಂದ ಇಸ್ತ್ರಿ ಹಚ್ಚಿದ. ಚುರ್ ಎಂದಿತು. ಹಸಿರು ಮೂಲೆ ಮುದುಡಿ ಇಸ್ತ್ರಿ ಪೆಟ್ಟಿಗೆಗೆ ಅಂಟಿಕೊಂಡಿತು. ಪ್ಲಾಸ್ಟಿಕ್ ಚೀಲ ಸುಟ್ಟ ವಾಸನೆ ಪೆಂಡಾಲಿನ ತುಂಬ.

ಅಧ್ಯಕ್ಷರು ಓಡಿ ಬಂದರು. ಬೆಳಿಗ್ಗೆಯಿಂದ ಎಲ್ಲದಕ್ಕೂ ‘ಫೋಟೋ ತಗೀರಿ, ಫೋಟೋ ತಗೀರಿ’ ಅನ್ನುತ್ತಿದ್ದವರು ಎರಡೂ ಕೈ ಅಡ್ಡ ಹಿಡಿದು ನಿಂತರು.

‘ಇದರದು ಬ್ಯಾಡ್ರಿ.’