ದೇವರಾಣೆ, ನಾನು ಒತ್ತಿದ್ದೆ!

ನಿನ್ನೆ ರಾತ್ರಿ ಆಟದಲ್ಲಿ ನನ್ನ ಹೀರೋ ಮತ್ತೆ ಹಳ್ಳಕ್ಕೆ ಬಿದ್ದ. ಹದಿನಾಲ್ಕನೇ ಸಲ. ನಾನು ಬಟನ್ ಒತ್ತಿದ್ದೆ, ಅದೂ ಒಂದಲ್ಲ, ನಾಲ್ಕು ಸಲ. ಅವನು ಅಂಚಿನ ತನಕ ಓಡಿದ, ಬಿದ್ದ, ಸತ್ತ, ಮತ್ತೆ ಹುಟ್ಟಿ ಶುರುವಿನ ಜಾಗದಲ್ಲಿ ನಿಂತ. ಆಮೇಲೆ, ಹಳ್ಳವೂ ಇಲ್ಲ ಏನೂ ಇಲ್ಲ, ಚಂಗನೆ ಹಾರಿದ.

"ನೆಟ್‌ವರ್ಕಾ ಅಪ್ಪಾ?" ಅಂದಳು ಮಗಳು. ಆ ರಾಗ ಕೇಳಬೇಕಿತ್ತು ನೀವು.

ನೆಟ್‌ವರ್ಕೇ! ಈ ಆಟ ನಮ್ಮ ಮನೆಯಲ್ಲಿ ನಡೆಯುವುದೇ ಇಲ್ಲ. ನಾನು ಒತ್ತಿದ್ದು ಎಲ್ಲೋ ಇರುವ ಸರ್ವರಿಗೆ ಹೋಗಬೇಕು, ಹೀರೋ ಅಲ್ಲಿ ಹಾರಬೇಕು, ಹಾರಿದ್ದು ವಿಡಿಯೋ ಆಗಿ ಇಲ್ಲಿಗೆ ಬರಬೇಕು. ಹಾಗಂತ ದೂರವನ್ನೇ ಬೈಯುವ ಹಾಗೂ ಇಲ್ಲ. ಫೈಬರಿನಲ್ಲಿ ಬೆಳಕು ಒಂದು ಮಿಲಿಸೆಕೆಂಡಿಗೆ ಸುಮಾರು 200 ಕಿಲೋಮೀಟರ್ ಓಡುತ್ತದೆ. ಸರ್ವರ್ 1000 ಕಿಲೋಮೀಟರ್ ಆಚೆಗಿದ್ದರೂ ಹೋಗಿ ಬರುವ ಓಟಕ್ಕೆ 10 ಮಿಲಿಸೆಕೆಂಡ್ ಸಾಕು. ಅಷ್ಟು ದೂರದಿಂದ ಓಡಿ ಬಂದದ್ದು ನಮ್ಮ ಹಾಲಿನ ವೈಫೈಗೆ ಬಂದು ಎಡವುತ್ತದೆ.

ತಡ ಆಗಲಿ ಬಿಡಿ, ಒಂದೇ ಸಮ ಆಗಲಿ. ಒಂದು ಹೆಜ್ಜೆ ಮುಂಚೆಯೇ ಒತ್ತುವುದನ್ನು ನಾನು ವಾರಗಟ್ಟಲೆ ರೂಢಿ ಮಾಡಿಕೊಂಡಿದ್ದೆ. ರೂಢಿಯಾದ ದಿನವೇ ನೆಟ್‌ವರ್ಕ್ ಸರಿಹೋಯಿತು. ಹೀರೋ ಹೇಳಿದ ತಕ್ಷಣ ಹಾರಿದ, ಅಂಚಿಗೆ ಮುಂಚೆಯೇ ಹಾರಿ ನೇರ ಹಳ್ಳದೊಳಗೆ. ತಡ ಹೀಗೆ ಒಮ್ಮೆ ಹೆಚ್ಚು, ಒಮ್ಮೆ ಕಮ್ಮಿ ಆಗುವುದಕ್ಕೆ ಜಿಟ್ಟರ್ ಅನ್ನುತ್ತಾರೆ. ದಿನಾ ತಡವಾಗಿ ಬರುವ ಬಸ್ಸು, ನಾವು ತಡವಾಗಿ ಹೋದ ದಿನ ಮಾತ್ರ ಟೈಮಿಗೆ ಬಂದು ಹೋಗಿರುತ್ತದಲ್ವಾ, ಅದೇ ಇದು.

ಅಸಲಿ ಕಥೆ ಆಮೇಲೆ ಗೊತ್ತಾಯಿತು. ನಾನು ಬೀಳುವುದನ್ನೆಲ್ಲ ಮಗಳು ಫೋನಿನಲ್ಲಿ ವಿಡಿಯೋ ಮಾಡಿ ಫ್ಯಾಮಿಲಿ ಗ್ರೂಪಿಗೆ ಹಾಕುತ್ತಾಳೆ. ಆ ದಪ್ಪ ವಿಡಿಯೋ ಅಪ್‌ಲೋಡ್ ಆಗುವಾಗ ರೂಟರಿನಲ್ಲಿ ಕ್ಯೂ ಬೆಳೆಯುತ್ತದೆ. ನನ್ನ ಬಟನ್ನು ಅದರ ಹಿಂದೆ ಸುಮ್ನೆ ನಿಂತಿರುತ್ತದೆ. ಅಂದರೆ, ನಾನು ಬಿದ್ದ ವಿಡಿಯೋ ಹೋಗುತ್ತಿರುವುದಕ್ಕೇ ನಾನು ಮತ್ತೆ ಬೀಳುತ್ತೇನೆ. ಅವಳು ಅದನ್ನೂ ತೆಗೆಯುತ್ತಾಳೆ. ಅದೂ ಹೋಗುತ್ತದೆ. ಮತ್ತೆ ಬೀಳುತ್ತೇನೆ. ಅತ್ತ ಚಿಕ್ಕಪ್ಪನ ನಗುವ ಇಮೋಜಿಗೆ ಮಾತ್ರ ಒಂದು ದಿನವೂ ತಡ ಆಗಿಲ್ಲ.

"ಇನ್ನು ವಿಡಿಯೋ ಹಾಕಬೇಡ ಪುಟ್ಟಾ" ಅಂದೆ. "ಹಾಕದಿದ್ದರೂ ಬೀಳ್ತೀಯಲ್ಲಪ್ಪಾ" ಅಂದಳು. ವಾದಕ್ಕೆ ಇಳಿಯಲಿಲ್ಲ.

ಚಿಕ್ಕವನಿದ್ದಾಗ ಕ್ಯಾಸೆಟ್ ಹಾಕಿ ಆಡುತ್ತಿದ್ದ ಡಬ್ಬ ನೆನಪಾಗುತ್ತದೆ. ಗ್ರಾಫಿಕ್ಸ್ ನೋಡುವ ಹಾಗಿರಲಿಲ್ಲ. ಆದರೆ ಒತ್ತಿದರೆ ಹಾರುತ್ತಿತ್ತು. ಬಿದ್ದರೆ ತಪ್ಪು ನನ್ನದೇ ಅಂತ ಖಾತ್ರಿಯಾಗಿ ಗೊತ್ತಿರುತ್ತಿತ್ತು. ಅದರಲ್ಲೂ ಏನೋ ಒಂದು ನೆಮ್ಮದಿ.

ಕೊನೆಗೆ ಉದ್ದದ ಲ್ಯಾನ್ ಕೇಬಲ್ ತಂದು ರೂಟರಿನಿಂದ ಟಿವಿ ತನಕ, ಹಾಲಿನ ನಡುವೆಯೇ ಎಳೆದಿದ್ದೇನೆ. ಮನೆಯವರೆಲ್ಲ ಬೈದುಕೊಂಡೇ ಅದನ್ನು ದಾಟುತ್ತಾರೆ. ಮಗಳು ಮಾತ್ರ ರೂಮಿನಿಂದ ಓಡಿ ಬಂದು, ಕೇಬಲ್ ಹತ್ತಿರ ಸರಿಯಾಗಿ ಕಾಲೆತ್ತಿ ಹಾರುತ್ತಾಳೆ. ಹಾರಿ, ನನ್ನ ಮುಖ ನೋಡುತ್ತಾಳೆ.